ಗೊಬ್ಬರ ಎರಚುವ ಗಾಡಿ: ಹಾಪರ್ ಆಮೇಲೆ, ಮೊದಲು ಚಕ್ರ ನೋಡಿ

ರಿಪೇರಿ ಕಟ್ಟೆ: ಓದುಗರ ಪ್ರಶ್ನೆ, ವರ್ಕ್‌ಶಾಪಿನ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಕಳೆ ಕೊಚ್ಚುವ ಮೆಷಿನ್ನಿನ ತಕರಾರು ಕಡಿಮೆ, ಹುಲ್ಲುಹಾಸಿನದೇ ಜಾಸ್ತಿ. ನಾನು ಸಾಗರದಲ್ಲಿ ಶೆಡ್ ಹಾಕಿದ ಕಾಲದಲ್ಲಿ ಲಾನ್ ಅಂದರೆ ಐಬಿ ಮುಂದೆ ಇರುವಂಥದ್ದು ಅಂತ ಅಷ್ಟೇ ಗೊತ್ತಿತ್ತು. ಈಗ ಹೋಂಸ್ಟೇ ಇದ್ದಲ್ಲೆಲ್ಲ ಲಾನ್, ಮದುವೆ ಹಾಲ್ ಇದ್ದಲ್ಲೆಲ್ಲ ಲಾನ್. ಹುಲ್ಲು ಕತ್ತರಿಸುವ ಮೆಷಿನ್ ತಂದವರು ಎರಡನೇ ವರ್ಷ ಗೊಬ್ಬರ ಎರಚುವ ಗಾಡಿ ಹುಡುಕಲು ಶುರು ಮಾಡುತ್ತಾರೆ. ಮೂರನೇ ವರ್ಷ ಅದು ನನ್ನ ಶೆಡ್ಡಿಗೆ ಬರುತ್ತದೆ. ಹಾಗಾಗಿ ಈ ಸಂಚಿಕೆ ಪೂರ್ತಿ ಅದಕ್ಕೇ.

ಪ್ರಶ್ನೆ: ಹೊಸನಗರದ ಹತ್ತಿರ ನಮ್ಮದೊಂದು ಚಿಕ್ಕ ಹೋಂಸ್ಟೇ ಇದೆ. ಮನೆ ಮುಂದೆ 6 ಗುಂಟೆ ಹುಲ್ಲುಹಾಸು, ಹಳ್ಳದ ಕಡೆಗೆ ಇಳಿಜಾರು. ಇಷ್ಟು ದಿನ ನಮ್ಮನೆಯವರು ಬಕೆಟ್ಟಿನಲ್ಲಿ ಗೊಬ್ಬರ ತುಂಬಿಕೊಂಡು ಗದ್ದೆಗೆ ಎರಚಿದ ಹಾಗೆ ಎರಚುತ್ತಿದ್ದರು. ಹದಿನೈದು ದಿನ ಬಿಟ್ಟು ನೋಡಿದರೆ ಒಂದು ಕಡೆ ಕಡುಹಸಿರು, ಪಕ್ಕದಲ್ಲೇ ಹಳದಿ. ಬಂದ ಗೆಸ್ಟ್ ಒಬ್ಬರು "ಇದು ಡಿಸೈನಾ?" ಅಂತ ಕೇಳಿದರು. ಬೆಂಗಳೂರಿನಲ್ಲಿರುವ ಮಗ ತಳ್ಳುವ ಸ್ಪ್ರೆಡರ್ ತರಿಸೋಣ ಅನ್ನುತ್ತಾನೆ. ಎರಡು ತೋರಿಸಿದ್ದಾನೆ. ಒಂದು 15 ಕಿಲೋ ಹಿಡಿಯುವುದು, ಪ್ಲಾಸ್ಟಿಕ್ ಚಕ್ರ. ಇನ್ನೊಂದು 35 ಕಿಲೋದ್ದು, ಗಾಳಿ ತುಂಬುವ ಟೈರು. ದೊಡ್ಡದನ್ನೇ ತೆಗೆದುಕೊಳ್ಳುವುದಾ?
(ಓದುಗರು, ಹೊಸನಗರ ತಾಲ್ಲೂಕು)

ಉತ್ತರ: ಅಕ್ಕಾ, ಮೊದಲು ಒಂದು ಮಾತು. ನಿಮ್ಮನೆಯವರನ್ನು ಬೈಯಬೇಡಿ. ಗದ್ದೆಗೆ ಎರಚಿದ್ದೂ ಹೀಗೇ ಹೆಚ್ಚುಕಮ್ಮಿ ಬೀಳುತ್ತದೆ. ಅಲ್ಲಿ ನೀರು ನಿಂತಿರುತ್ತದೆ, ಗೊಬ್ಬರ ಕರಗಿ ಅಷ್ಟಿಷ್ಟು ಹರಡಿಕೊಳ್ಳುತ್ತದೆ, ಪೈರು ಮೇಲೆದ್ದು ಉಳಿದದ್ದನ್ನು ಮುಚ್ಚಿಹಾಕುತ್ತದೆ. ಎರಡು ಇಂಚಿಗೆ ಕತ್ತರಿಸಿದ ಹುಲ್ಲು ಏನನ್ನೂ ಮುಚ್ಚುವುದಿಲ್ಲ. ಹುಲ್ಲುಹಾಸಿಗೆ ಒಂದು ಸಲಕ್ಕೆ ಬೇಕಾಗುವ ಯೂರಿಯಾ ಎಷ್ಟು ಗೊತ್ತಾ? ಒಂದು ಚದರ ಮೀಟರಿಗೆ ಹೆಚ್ಚೆಂದರೆ 11 ಗ್ರಾಂ. ಸುಮಾರು ಮೂರು ಟೀ ಚಮಚ. ಅಷ್ಟನ್ನು ಅಷ್ಟಗಲ ಜಾಗಕ್ಕೆ ಮುಷ್ಟಿಯಲ್ಲಿ ಸಮನಾಗಿ ಎರಚಿ ಅಂದರೆ ನನ್ನ ಕೈಲೂ ಆಗಲ್ಲ.

ಈಗ ಗಾಡಿಗೆ ಬರೋಣ. ಇದರಲ್ಲಿ ಇಂಜಿನ್ ಇಲ್ಲ, ಕರೆಂಟ್ ಇಲ್ಲ. ಮೇಲೆ ಗೊಬ್ಬರ ತುಂಬುವ ಹಾಪರ್. ಅದರ ತಳದಲ್ಲಿ ತೂತು, ತೂತಿಗೊಂದು ಗೇಟ್. ಗೇಟಿನ ಕೆಳಗೆ ರೆಕ್ಕೆ ಇರುವ ತಟ್ಟೆ. ನೀವು ತಳ್ಳಿದರೆ ಚಕ್ರ ತಿರುಗುತ್ತದೆ. ಚಕ್ರದ ಅಚ್ಚು ಗೇರನ್ನು ತಿರುಗಿಸುತ್ತದೆ, ಗೇರು ತಟ್ಟೆಯನ್ನು ತಿರುಗಿಸುತ್ತದೆ. ಉದುರಿದ ಕಾಳು ತಟ್ಟೆಗೆ ಬಿದ್ದು ಮುಂದಕ್ಕೂ ಎರಡು ಬದಿಗೂ ಸಿಡಿಯುತ್ತದೆ. ಅಷ್ಟೇ. ಅಂದರೆ ಇಡೀ ಗಾಡಿಯ ಕೆಲಸ ನಿಂತಿರುವುದು ಚಕ್ರ ನೆಲವನ್ನು ಕಚ್ಚಿ ಹಿಡಿಯುವುದರ ಮೇಲೆ. ಚಕ್ರ ಜಾರಿತು ಅನ್ನಿ, ತಟ್ಟೆ ನಿಂತಿತು. ಆದರೆ ಗೇಟ್ ತೆರೆದೇ ಇದೆ. ಗೊಬ್ಬರ ಅಲ್ಲೇ ಗುಡ್ಡೆ ಬೀಳುತ್ತದೆ.

ಇನ್ನೂ ಒಂದು ವಿಷಯ ಅಂಗಡಿಯವರು ಹೇಳುವುದಿಲ್ಲ. ಬಹಳಷ್ಟು ಗಾಡಿಗಳಲ್ಲಿ ಎರಡು ಚಕ್ರದಲ್ಲಿ ಒಂದನ್ನು ಮಾತ್ರ ಅಚ್ಚಿಗೆ ಪಿನ್ ಹಾಕಿ ಕೂರಿಸಿರುತ್ತಾರೆ. ಇನ್ನೊಂದು ಸುಮ್ನೆ ತಿರುಗುತ್ತಿರುತ್ತದೆ, ತಿರುವಿನಲ್ಲಿ ಗಾಡಿ ಸಲೀಸಾಗಿ ಹೊರಳಲಿ ಅಂತ. ಹಾಗಾಗಿ ಆ ಒಂದು ಚಕ್ರ ಜಾರಿದರೆ ಸಾಕು, ಕಥೆ ಮುಗಿಯಿತು.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ನಾನು ತರಿಸಿದ ಮೊದಲ ಸ್ಪ್ರೆಡರ್ ನಿಮ್ಮ ಮಗ ತೋರಿಸಿದ ಸಣ್ಣದರ ಹಾಗೇ ಇತ್ತು. ನುಣುಪಾದ ಪ್ಲಾಸ್ಟಿಕ್ ಚಕ್ರ. ಯಾವ ಕಂಪನಿಯದು ಅಂತ ಹೇಳುವುದಿಲ್ಲ, ಈಗ ಅದರಿಂದ ಯಾರಿಗೂ ಉಪಯೋಗವಿಲ್ಲ. ನಮ್ಮ ಭಾವನ ಮನೆಯ ಅಂಗಳದ ಕೆಳಗೆ ಇಳಿಜಾರಿನ ಹುಲ್ಲು. ಮಗಳ ನಿಶ್ಚಿತಾರ್ಥಕ್ಕೆ ಇಪ್ಪತ್ತು ದಿನ ಇತ್ತು. "ನೀನೇ ಹಾಕಿಕೊಡು ಮಾರಾಯ, ಹಸಿರಾಗಿರಲಿ" ಅಂದರು. ಬೆಳಿಗ್ಗೆ ಏಳು ಗಂಟೆ, ಹುಲ್ಲಿನ ಮೇಲೆ ಇಬ್ಬನಿ. ಕೆಳಗಿನಿಂದ ಮೇಲಕ್ಕೆ ತಳ್ಳಿದೆ. ಚಕ್ರ ನಾಲ್ಕು ಹೆಜ್ಜೆ ತಿರುಗುವುದು, ಒಂದು ಹೆಜ್ಜೆ ಜಾರುವುದು. ನನಗೆ ಅದು ಗೊತ್ತೇ ಆಗಲಿಲ್ಲ, ಕಣ್ಣೆಲ್ಲ ಮುಂದೆ. ವಾರದಲ್ಲಿ ಇಳಿಜಾರಿನ ಉದ್ದಕ್ಕೂ ಸುಟ್ಟ ಕಂದು ಮಚ್ಚೆಗಳು ಎದ್ದವು, ಅಂಗೈಯಗಲ, ಒಂದರ ಮೇಲೊಂದು, ಏಣಿಯ ಮೆಟ್ಟಿಲಿನ ಹಾಗೆ. ನಿಶ್ಚಿತಾರ್ಥದ ಫೋಟೋದಲ್ಲಿ ಈಗಲೂ ಕಾಣುತ್ತವೆ. ಅಕ್ಕ ಆಲ್ಬಂ ತೆಗೆದಾಗಲೆಲ್ಲ ಆ ಪುಟ ನನಗೆ ತೋರಿಸಿಯೇ ಮುಂದೆ ಹೋಗುವುದು. ಎರಡನೇ ಸಲ ಬಳಸುವಾಗ ಗೇರಿನ ಬಿಳಿ ಪ್ಲಾಸ್ಟಿಕ್ ಹಲ್ಲು ಸವೆದು ಹೋಯಿತು. ಈಗ ಅದರ ಹಾಪರಿನಲ್ಲಿ ನಮ್ಮನೆಯವಳು ಶುಂಠಿ ನೆಟ್ಟಿದ್ದಾಳೆ.

ನಿಮ್ಮ ಇಳಿಜಾರಿಗೆ, ನಮ್ಮ ಕಡೆಯ ಇಬ್ಬನಿಗೆ, ಎರೆಹುಳ ಎಬ್ಬಿಸಿದ ಮಣ್ಣಿನ ಗುಪ್ಪೆಗೆ ಗಾಳಿ ಟೈರೇ ಬೇಕು. ಹಲ್ಲು ಆಳ ಇರುವ ಟೈರು. ಪಂಕ್ಚರ್ ಆದೀತು ಅನ್ನುವ ಭಯ ಬೇಡ, ಸೈಕಲ್ ಅಂಗಡಿಯವರೇ ತೇಪೆ ಹಾಕುತ್ತಾರೆ.

ಆದರೆ 35 ಕಿಲೋದ್ದು ಬೇಕಾ? ಲೆಕ್ಕ ಹಾಕಿ ನೋಡೋಣ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, 1089 ಚದರ ಅಡಿ. ಹೆಚ್ಚುಕಮ್ಮಿ 100 ಚದರ ಮೀಟರ್. ಒಂದು ಗುಂಟೆಗೆ ಒಂದು ಸಲಕ್ಕೆ ಅರ್ಧ ಕಿಲೋ ಸಾರಜನಕ ಅಂದರೆ ಪೂರ್ತಿ ಪ್ರಮಾಣ ಆಯಿತು, ಅದರ ಮೇಲೆ ಹೋಗಬೇಡಿ. ಯೂರಿಯಾದಲ್ಲಿ 46 ಪರ್ಸೆಂಟ್ ಸಾರಜನಕ ಇರುವುದರಿಂದ 1 ಕಿಲೋ 100 ಗ್ರಾಂ ಸಾಕು. 17:17:17, ಅಂದರೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ 17 ಪರ್ಸೆಂಟ್ ಇರುವ ಗೊಬ್ಬರ ಆದರೆ 3 ಕಿಲೋ. ನಿಮ್ಮ 6 ಗುಂಟೆಗೆ 17:17:17 ಲೆಕ್ಕದಲ್ಲಿ 18 ಕಿಲೋ. ಅದನ್ನೂ ಒಂದೇ ಸಲಕ್ಕೆ ಹಾಕುವುದಿಲ್ಲ. ಅರ್ಧ ಉದ್ದುದ್ದ, ಅರ್ಧ ಅಡ್ಡಡ್ಡ. ಅಂದರೆ ಒಂದು ಸುತ್ತಿಗೆ 9 ಕಿಲೋ. 35 ಕಿಲೋದ ಬಾಯಿ ನಿಮಗೆ ಯಾಕೆ? ತುಂಬಿದರೆ ಗುಡ್ಡ ಹತ್ತಿಸುವಾಗ ನಿಮ್ಮನೆಯವರ ಸೊಂಟ ಹೋಗುತ್ತದೆ.

ಹಾಗಂತ 15 ಕಿಲೋದ್ದು ತರಿಸಿ ಅಂತಲೂ ಹೇಳುವುದಿಲ್ಲ, ಚಕ್ರದ ಕಾರಣಕ್ಕೆ. ಗಾಳಿ ಟೈರಿನ 20-25 ಕಿಲೋದ ಗಾಡಿ ಸಿಕ್ಕರೆ ಅದು ನಿಮ್ಮದು. ಸಿಗದೇ ಹೋದರೆ 35 ಕಿಲೋದ್ದನ್ನೇ ತಂದು ಕಾಲು ಭಾಗ ತುಂಬಿ. ಹಾಪರ್ ಅರ್ಧ ಖಾಲಿ ಇದ್ದರೆ ಗೊಬ್ಬರಕ್ಕೇನೂ ಬೇಜಾರಿಲ್ಲ.

ಡಬ್ಬ ಬಿಚ್ಚಿದ ದಿನವೇ ನೋಡಬೇಕಾದದ್ದು ಇನ್ನೂ ಮೂರು ಇವೆ. ವಾಪಸ್ ಕಳಿಸುವ ಗಡುವು ಮುಗಿಯುವ ಮೊದಲೇ ನೋಡಿ. ಒಂದು, ಗೇಟನ್ನು ಎಳೆಯುವುದು ಕಬ್ಬಿಣದ ಸರಳೋ, ಸೈಕಲ್ ಬ್ರೇಕಿನಂಥ ಕೇಬಲ್ಲೋ. ಕೇಬಲ್ ತುಕ್ಕು ಹಿಡಿಯುತ್ತದೆ, ಸಡಿಲ ಬೀಳುತ್ತದೆ. ಆಮೇಲೆ ಹಿಡಿಕೆಯಲ್ಲಿ "ಮುಚ್ಚಿದೆ" ಅಂತ ತೋರಿಸಿದರೂ ಕೆಳಗೆ ಸಣ್ಣಗೆ ಉದುರುತ್ತಿರುತ್ತದೆ. ಸರಳು ಇರುವುದೇ ಒಳ್ಳೆಯದು. ಎರಡು, ಗೇರು ಮುಚ್ಚಿದ ಪೆಟ್ಟಿಗೆಯೊಳಗೆ ಇದೆಯೋ, ಗಾಳಿಗೆ ತೆರೆದುಕೊಂಡಿದೆಯೋ. ಮುಚ್ಚಿದ್ದಿರಬೇಕು. ಆದರೆ ಸ್ಕ್ರೂ ತೆಗೆದರೆ ಬಿಚ್ಚಿಕೊಳ್ಳಬೇಕು. ರಿವಿಟ್ ಹೊಡೆದು ಮುಚ್ಚಿದ್ದನ್ನು ನನ್ನ ಹತ್ತಿರ ತರಬೇಡಿ, ನಾನೂ ಕೈ ಮುಗಿದು ಕಳಿಸುತ್ತೇನೆ. ಮೂರು, ಹಾಪರಿನ ತಳದಲ್ಲಿ ಗಂಟು ಒಡೆಯುವ ಕಡ್ಡಿ ಇದೆಯೋ, ಅದು ಅಚ್ಚಿನ ಜೊತೆ ತಿರುಗುತ್ತದೆಯೋ. ನಮ್ಮ ಹವೆಯಲ್ಲಿ ಗೊಬ್ಬರ ಗಂಟು ಕಟ್ಟದೇ ಇರುವುದಿಲ್ಲ. ಗಂಟು ಗೇಟಿಗೆ ಸಿಕ್ಕಿಕೊಂಡರೆ ಹತ್ತು ಹೆಜ್ಜೆ ಬರೀ ಗಾಡಿ ತಳ್ಳಿದ್ದಷ್ಟೇ ಆಗುತ್ತದೆ. ಬಾಡಿ ಕಬ್ಬಿಣದ್ದೋ ಸ್ಟೀಲಿನದ್ದೋ ಅನ್ನುವುದು ದುಡ್ಡಿನ ಮಾತು. ಸ್ಟೀಲ್ ಆದರೆ ಬಾಳಿಕೆ, ಬಣ್ಣ ಹೊಡೆದ ಕಬ್ಬಿಣ ಆದರೆ ಗೀರು ಬಿದ್ದಲ್ಲಿಂದ ತುಕ್ಕು. ಹಾಪರ್ ಹೇಗೂ ಪ್ಲಾಸ್ಟಿಕ್ಕೇ ಇರುತ್ತದೆ, ಇರಲಿ.

ಹಿಡಿಕೆಯ ಹತ್ತಿರ ಒಂದು ಡಯಲ್ ಇರುತ್ತದೆ, ಅದರ ಮೇಲೆ ನಂಬರ್. ನಿಮ್ಮ ಮಗ ಅಂತರ್ಜಾಲದಲ್ಲಿ ನೋಡಿ "ಇಷ್ಟಕ್ಕೆ ಇಡಿ" ಅಂತ ಹೇಳಬಹುದು. ಕೇಳಬೇಡಿ. ಸ್ಕಾಟ್ಸ್, ಅರ್ಥ್‌ವೇ, ಚಾಪಿನ್ ಇವೆಲ್ಲ ಅಮೆರಿಕದ ಕಂಪನಿಗಳು. ಒಬ್ಬರ ಡಯಲಿನ 10 ಇನ್ನೊಬ್ಬರ ಡಯಲಿನ 10 ಅಲ್ಲ. ಅಲ್ಲಿಯ ಗೊಬ್ಬರದ ಚೀಲದ ಮೇಲೆ ಯಾವ ಗಾಡಿಗೆ ಎಷ್ಟು ನಂಬರ್ ಅಂತ ಅಚ್ಚು ಹಾಕಿರುತ್ತಾರೆ, ನಮ್ಮ ಸೊಸೈಟಿಯಲ್ಲಿ ಸಿಗುವ ಚೀಲದ ಮೇಲೆ ಅದಿಲ್ಲ. ಒಂದು ಅನುಕೂಲ ಮಾತ್ರ ಇದೆ. ಅವರು ಎಲ್ಲಾ ಲೆಕ್ಕವನ್ನೂ 1000 ಚದರ ಅಡಿಗೆ ಇಷ್ಟು ಪೌಂಡ್ ಅಂತ ಹೇಳುತ್ತಾರೆ. 1000 ಚದರ ಅಡಿ ನಮ್ಮ ಗುಂಟೆಗಿಂತ ಚೂರು ಕಡಿಮೆ, ಒಂದು ಪೌಂಡ್ ಅಂದರೆ 454 ಗ್ರಾಂ. ಅವರ "ಒಂದು ಪೌಂಡ್ ಸಾರಜನಕ"ವೇ ನಾನು ಮೇಲೆ ಹೇಳಿದ ಅರ್ಧ ಕಿಲೋ.

ನಂಬರನ್ನು ನೀವೇ ಕಂಡುಹಿಡಿಯಬೇಕು. ನಾನು ಮಾಡುವುದು ಹೀಗೆ. ಅಡಿಕೆ ಒಣಗಿಸುವ ಅಂಗಳದಲ್ಲಿ ಟಾರ್ಪಾಲ್ ಹಾಸುತ್ತೇನೆ. ಅದರ ಮೇಲೆ ಒಂಬತ್ತು ಹಾಳೆ ತಟ್ಟೆ, ಊಟಕ್ಕೆ ಹಾಕುತ್ತೇವಲ್ಲ, ಅದೇ 12 ಇಂಚಿನದು. ಅಡ್ಡ ಸಾಲಾಗಿ, ಮಧ್ಯದಿಂದ ಮಧ್ಯಕ್ಕೆ ಅರ್ಧ ಮೀಟರ್. ನಡುವಿನ ತಟ್ಟೆ ಎರಡು ಚಕ್ರದ ಮಧ್ಯೆ ಬರಬೇಕು. ಮೊದಲ ಸಲ ಮಾಡಿದಾಗ ಕಾಳೆಲ್ಲ ತಟ್ಟೆಗೆ ಬಿದ್ದು ಟಪಟಪ ಪುಟಿದು ಹೊರಗೆ ಹೋಯಿತು. ಈಗ ಪ್ರತಿ ತಟ್ಟೆಯಲ್ಲೂ ಒಂದು ತುಂಡು ಗೋಣಿ ಇಡುತ್ತೇನೆ. ಮೂರು ಮೀಟರ್ ಹಿಂದಿನಿಂದ ಗೇಟ್ ತೆರೆದು ಒಂದೇ ವೇಗದಲ್ಲಿ ತಟ್ಟೆ ಸಾಲನ್ನು ದಾಟಿ ಹೋಗುವುದು. ಗೇಟ್ ಮುಚ್ಚಿ ವಾಪಸ್ ಬಂದು ಮತ್ತೆ ಅದೇ ದಿಕ್ಕಿಗೆ. ಹೀಗೆ ಹತ್ತು ಸಲ. ಒಂದು ಸಲಕ್ಕೆ ತಟ್ಟೆಗೆ ಬೀಳುವುದು ಒಂದು ಗ್ರಾಂ ಆಸುಪಾಸು, ಹತ್ತು ಸಲ ಹೋದರೆ ಅಳೆಯುವಷ್ಟು ಸಿಗುತ್ತದೆ.

ಅಳೆಯಲು ಮೆಡಿಕಲ್ ಅಂಗಡಿಯಿಂದ 10 ಎಂಎಲ್ ಸಿರಿಂಜ್ ಒಂದು ತನ್ನಿ. ಸೂಜಿ ಬೇಡ. ಹಿಂದಿನ ದಂಡ ತೆಗೆದು, ಮೂತಿಗೆ ಬೆರಳಿಟ್ಟು, ತಟ್ಟೆಯನ್ನು ಚೂರು ಮಡಚಿ ಕಾಳು ಸುರಿಯಿರಿ. ಎಷ್ಟು ಗೆರೆ ಬಂತು ಅಂತ ಬರೆದುಕೊಳ್ಳಿ. ಒಂಬತ್ತು ತಟ್ಟೆಗೆ ಒಂಬತ್ತು ಸಂಖ್ಯೆ. ಒಂದೇ ಸಿರಿಂಜಿಗೆ ಹಿಡಿಸದಿದ್ದರೆ ಎರಡು ಸಲ ಅಳೆದು ಕೂಡಿಸಿ. ನಡುವಿನ ತಟ್ಟೆಯಲ್ಲಿ ಬಂದದ್ದರ ಅರ್ಧ ಎಡಗಡೆ ಎಲ್ಲಿ ಬಂತು, ಬಲಗಡೆ ಎಲ್ಲಿ ಬಂತು ನೋಡಿ. ಆ ಎರಡು ಜಾಗದ ನಡುವಿನ ದೂರವೇ ನಿಮ್ಮ ಗಾಡಿಯ ಅಗಲ. ನನ್ನದರಲ್ಲಿ ಎಡಕ್ಕೆ ಒಂದೂವರೆ ಮೀಟರಿಗೆ ಅರ್ಧ, ಬಲಕ್ಕೆ ಒಂದೇ ಮೀಟರಿಗೆ ಅರ್ಧ ಬಂತು. ಗಾಡಿಯ ತಟ್ಟೆ ಒಂದೇ ದಿಕ್ಕಿಗೆ ತಿರುಗುವುದರಿಂದ ಹೀಗೆ ಒಂದು ಬದಿಗೆ ವಾಲುವುದು ಮಾಮೂಲು. ಒಟ್ಟು ಎರಡೂವರೆ ಮೀಟರ್. ಅಲ್ಲಿಗೆ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಅಷ್ಟೇ ದೂರ. ಡಬ್ಬದ ಮೇಲೆ ನಾಲ್ಕು ಮೀಟರ್ ಅಂತ ಬರೆದಿತ್ತು. ಒಂದು ಕಾಳು ಅಲ್ಲಿಯವರೆಗೂ ಹೋಗುತ್ತದೆ, ಅದು ನಿಜ.

ಅಗಲ ಗೊತ್ತಾದ ಮೇಲೆ ನಂಬರ್ ಹುಡುಕುವುದು ಸುಲಭ. 10 ಮೀಟರ್ ಗುರುತು ಹಾಕಿ. ಎರಡೂವರೆ ಮೀಟರ್ ಅಗಲಕ್ಕೆ 25 ಚದರ ಮೀಟರ್ ಆಯಿತು. 17:17:17 ಒಂದು ಸುತ್ತಿನಲ್ಲಿ ಅರ್ಧ ಪ್ರಮಾಣ, ಗುಂಟೆಗೆ ಒಂದೂವರೆ ಕಿಲೋ ಅಂದರೆ ಇಷ್ಟು ಜಾಗಕ್ಕೆ 375 ಗ್ರಾಂ ಖರ್ಚಾಗಬೇಕು. 5 ಕಿಲೋ ತೂಗಿ ತುಂಬಿ, ನಡೆಯಿರಿ, ಉಳಿದದ್ದನ್ನು ತೂಗಿ. ಸಣ್ಣ ನಂಬರಿನಿಂದ ಶುರು ಮಾಡಿ ಮೇಲೆ ಹೋಗಿ. ಟಾರ್ಪಾಲಿನ ಮೇಲೆ ಬಿದ್ದದ್ದನ್ನು ಗುಡಿಸಿ ಮತ್ತೆ ಹಾಪರಿಗೇ ಹಾಕಿದರಾಯಿತು, ಒಂದು ಕಾಳೂ ನಷ್ಟವಿಲ್ಲ. ಸಿಕ್ಕಿದ ನಂಬರನ್ನು ಹಾಪರಿನ ಮೇಲೆ ಪೇಂಟಿನಲ್ಲಿ ಬರೆದಿಡಿ. ಯೂರಿಯಾಕ್ಕೆ ಬೇರೆ ನಂಬರ್, ಅದರ ಕಾಳು ಹಗುರ, ದೂರ ಹೋಗುವುದಿಲ್ಲ. ಅಗಲವನ್ನೂ ಬೇರೆಯಾಗಿಯೇ ಅಳೆಯಬೇಕು.

ನಡಿಗೆಯ ವೇಗ ಬದಲಾದರೆ ಇದೆಲ್ಲ ನೀರಲ್ಲಿ ಹೋಮ. ನಿಧಾನ ನಡೆದರೆ ತಟ್ಟೆಯೂ ನಿಧಾನ, ಕಾಳು ಹತ್ತಿರವೇ ಬೀಳುತ್ತದೆ. ಗೇಟಿನಿಂದ ಉದುರುವುದು ಮಾತ್ರ ಹಾಗೇ ಇರುತ್ತದೆ. 10 ಮೀಟರಿಗೆ ಸುಮಾರು 7 ಸೆಕೆಂಡ್. ಇದು ಬಸ್ಸು ಇನ್ನೂ ನಿಂತಿದೆ, ಆದರೆ ಕಂಡಕ್ಟರ್ ಸೀಟಿ ಊದಿದ ಅನ್ನುವಾಗ ನಡೆಯುತ್ತೇವಲ್ಲ, ಆ ನಡಿಗೆ. ಇಳಿಜಾರಿನಲ್ಲಿ ಮೇಲೆ ಕೆಳಗೆ ಓಡಾಡಿದರೆ ಈ ವೇಗ ಸಿಗುವುದೇ ಇಲ್ಲ. ನಿಮ್ಮದು ಪೂರ್ತಿ ಇಳಿಜಾರಾದರೆ ಉದ್ದುದ್ದ-ಅಡ್ಡಡ್ಡದ ನಿಯಮ ಬಿಡಿ. ಎರಡೂ ಸುತ್ತು ಅಡ್ಡಕ್ಕೇ ಹೋಗಿ, ಎರಡನೇ ಸುತ್ತಿನಲ್ಲಿ ಸಾಲುಗಳು ಮೊದಲಿನ ಸಾಲಿನ ನಡುವೆ ಬರಲಿ.

ತುಂಬುವುದು ಯಾವಾಗಲೂ ಹುಲ್ಲಿನ ಹೊರಗೆ, ಗೇಟ್ ಮುಚ್ಚಿದೆಯಾ ಅಂತ ಬಗ್ಗಿ ನೋಡಿದ ಮೇಲೆ. ಮೊದಲು ಹೆಜ್ಜೆ, ಆಮೇಲೆ ಗೇಟ್. ನಿಲ್ಲುವಾಗ ಮೊದಲು ಗೇಟ್, ಆಮೇಲೆ ಹೆಜ್ಜೆ. ಹುಲ್ಲು ಒಣಗಿರಬೇಕು, ಹಾಕಿದ ಮೇಲೆ ಪೈಪು ಹಿಡಿದು ನೀರು ಕೊಡಬೇಕು. ಜೂನ್-ಜುಲೈ ಮಳೆಯಲ್ಲಿ ಹಾಕಿದ ಯೂರಿಯಾ ನಿಮ್ಮ ಹಳ್ಳದ ಪಾಲು, ಹುಲ್ಲಿಗಲ್ಲ. ಮಳೆ ಹೊಳವಾದ ಮೇಲೆ ಹಾಕಿ. ಹಳ್ಳದ ಅಂಚಿನಲ್ಲಿ ಮೂರ್ನಾಲ್ಕು ಮೀಟರ್ ಬಿಟ್ಟೇ ಬಿಡಿ. ಬಾವಿ ಇದ್ದರೆ ಅದರ ಸುತ್ತಲೂ ಹಾಗೇ. ಕೆಲವು ಗಾಡಿಗಳಲ್ಲಿ ಒಂದು ಬದಿ ಮುಚ್ಚುವ ತಗಡು ಇರುತ್ತದೆ. ನಿಮ್ಮಂಥವರು ಅದಕ್ಕೆ ಒಂದಿಷ್ಟು ದುಡ್ಡು ಜಾಸ್ತಿ ಕೊಡಬಹುದು.

ಇನ್ನೊಂದು. ಚೆಲ್ಲಿದ ಯೂರಿಯಾವನ್ನು ಹಾಗೇ ಬಿಟ್ಟು ಊಟಕ್ಕೆ ಹೋಗಬೇಡಿ. ದನ ನೆಕ್ಕಿದರೆ ವಿಷ, ಜೀವಕ್ಕೇ ಅಪಾಯ. ನಮ್ಮ ಮಲೆನಾಡು ಗಿಡ್ಡ ಬೇಲಿಗೆಲ್ಲ ಕ್ಯಾರೇ ಅನ್ನುವ ಜಾತಿ ಅಲ್ಲ, ನಿಮಗೆ ಗೊತ್ತೇ ಇದೆ.

ಪ್ರಶ್ನೆ: ಲಾನಿಗೆ ಅಂತ ಮಗ ತಂದ ಸ್ಪ್ರೆಡರ್ ವರ್ಷದಲ್ಲಿ ನಾಲ್ಕು ದಿನ ಬಿಟ್ಟರೆ ಸುಮ್ಮನೆ ನಿಂತಿರುತ್ತದೆ. ಅಡಿಕೆ ತೋಟಕ್ಕೂ ಗದ್ದೆಗೂ ಅದರಲ್ಲೇ ಗೊಬ್ಬರ ಹಾಕಬಹುದಲ್ವಾ?
(ಓದುಗರು, ತೀರ್ಥಹಳ್ಳಿ)

ಉತ್ತರ: ತೋಟಕ್ಕೆ ಬೇಡ. ಅಡಿಕೆಗೆ ಹೇಳಿರುವುದು ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ಅದೂ ಬುಡದ ಸುತ್ತ. ಮರದ ಲೆಕ್ಕದ ಗೊಬ್ಬರವನ್ನು ಜಾಗದ ಲೆಕ್ಕದ ಗಾಡಿಯಲ್ಲಿ ಹಾಕಿದರೆ ಅರ್ಧ ಬಸಿಗಾಲುವೆಗೆ ಹೋಗುತ್ತದೆ. ಗದ್ದೆಯಲ್ಲಿ ಚಕ್ರ ಹೂತು ನಿಲ್ಲುತ್ತದೆ. ಗದ್ದೆಗೆ ಎದೆಗೆ ಕಟ್ಟಿಕೊಂಡು ಕೈಯಲ್ಲಿ ತಿರುಗಿಸುವ ಸ್ಪ್ರೆಡರ್ ಬೇರೆಯೇ ಇದೆ, ಅದು ಚೆನ್ನಾಗಿ ಕೆಲಸ ಮಾಡುತ್ತದೆ. ನಿಮ್ಮ ಗಾಡಿ ನಿಂತಿರಲಿ ಬಿಡಿ. ಮನೆಯಲ್ಲಿ ಅಕ್ಕಿ ಮುಡಿ ಕಟ್ಟುವ ಹಗ್ಗವೂ ವರ್ಷವಿಡೀ ಸುಮ್ಮನೇ ಇರುತ್ತಿತ್ತು.

ಪ್ರಶ್ನೆ: ಹೋದ ವರ್ಷ ಕೊಂಡ ಗಾಡಿ. ಬಳಸಿದ ಮೇಲೆ ಬಟ್ಟೆಯಲ್ಲಿ ಒರೆಸಿ, ಪ್ಲಾಸ್ಟಿಕ್ ಹೊದಿಸಿ ಕೊಟ್ಟಿಗೆಯಲ್ಲಿ ಇಟ್ಟಿದ್ದೆ. ಈಗ ತೆಗೆದರೆ ಚಕ್ರ ತಿರುಗುವುದೇ ಇಲ್ಲ, ಎಳೆದರೆ ಉಜ್ಜಿಕೊಂಡು ಬರುತ್ತದೆ. ಎಣ್ಣೆ ಹಾಕಿದೆ, ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದೆ, ಏನೂ ಆಗಲಿಲ್ಲ. ಗೇರ್ ಹೋಯಿತಾ?
(ಓದುಗರು, ಕೊಪ್ಪ)

ಉತ್ತರ: ಸುತ್ತಿಗೆ ಕೆಳಗಿಡಿ. ಮಳೆಗಾಲ ಮುಗಿದ ಮೇಲೆ ನನ್ನ ಶೆಡ್ಡಿಗೆ ಬರುವ ಸ್ಪ್ರೆಡರ್‌ಗಳಲ್ಲಿ ಮುಕ್ಕಾಲು ಪಾಲು ಇದೇ ಕೇಸು.

ಮೊನ್ನೆ ಬಂದ ಒಂದನ್ನು ಬಿಚ್ಚಿದ್ದು ಹೇಳುತ್ತೇನೆ. ಗೇರಿನ ಪೆಟ್ಟಿಗೆಯ ನಾಲ್ಕು ಸ್ಕ್ರೂ ತೆಗೆದೆ. ಒಳಗೆ ಗ್ರೀಸ್ ಇರಬೇಕಾದ ಕಡೆ ಬೂದು ಬಣ್ಣದ ಲೇಹ್ಯ. ಅಚ್ಚು ಪೆಟ್ಟಿಗೆಯೊಳಗೆ ಹೋಗುವ ಬಾಯಲ್ಲಿ ಬೆಳ್ಳಗೆ, ಗಟ್ಟಿಯಾಗಿ, ಕಲ್ಲುಸಕ್ಕರೆ ಕಟ್ಟಿದ ಹಾಗೆ ಒಂದು ಉಂಗುರ. ಗಾಡಿಯ ಯಜಮಾನರು "ಅಯ್ಯೋ ತುಕ್ಕು" ಅಂದರು. ತುಕ್ಕು ಬಿಳಿ ಇರುತ್ತದಾ ಮಾರಾಯ್ರೆ? ಅದು ಯೂರಿಯಾ. 30 ಡಿಗ್ರಿ ಸೆಕೆಯಲ್ಲಿ ಗಾಳಿಯ ತೇವ 73 ಪರ್ಸೆಂಟ್ ಆಸುಪಾಸು ದಾಟಿತು ಅಂದರೆ ಯೂರಿಯಾ ಗಾಳಿಯಿಂದಲೇ ನೀರು ಎಳೆದು ಕರಗುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಗಾಳಿ ಅದಕ್ಕಿಂತ ಒಣಗಿರುವ ದಿನ ಎಲ್ಲಿದೆ? ಒರೆಸಿದಾಗ ಸಂದಿಯಲ್ಲಿ ಉಳಿದ ಪುಡಿ ಕರಗಿ, ಅಚ್ಚಿನ ಗುಂಟ ಒಳಗೆ ಇಳಿದು, ಬಿಸಿಲು ಬಂದಾಗ ಅಲ್ಲೇ ಹರಳು ಕಟ್ಟುತ್ತದೆ. ನೀವು ಹೊದಿಸಿದ ಪ್ಲಾಸ್ಟಿಕ್ ಆ ತೇವವನ್ನು ಒಳಗೇ ಹಿಡಿದಿಟ್ಟಿತು.

ಎಣ್ಣೆಗೆ ಇದು ಬಗ್ಗುವುದಿಲ್ಲ, ಯೂರಿಯಾ ಎಣ್ಣೆಯಲ್ಲಿ ಕರಗುವುದಿಲ್ಲ. ನೀರಿನಲ್ಲಿ ಕರಗುತ್ತದೆ, ಅದೂ ಹೇಗೆ, 1 ಲೀಟರ್ ನೀರಿಗೆ 1 ಕಿಲೋಗಿಂತ ಜಾಸ್ತಿ. ಸ್ನಾನದ ಹಂಡೆಯಿಂದ ಒಂದು ಬಕೆಟ್ ಬಿಸಿನೀರು ತನ್ನಿ, ಕೈ ಇಡಬಹುದಾದಷ್ಟು ಬಿಸಿ. ಹಾಪರ್ ಖಾಲಿ ಮಾಡಿ, ಗೇರಿನ ಭಾಗ ಮುಳುಗುವ ಹಾಗೆ ಗಾಡಿಯನ್ನು ಇಳಿಸಿ ಅರ್ಧ ಗಂಟೆ ಬಿಡಿ. ಒಂದು ತಮಾಷೆ ಇದೆ. ಯೂರಿಯಾ ಕರಗುವಾಗ ನೀರಿನ ಶಾಖ ಎಳೆದುಕೊಳ್ಳುತ್ತದೆ. ತಣ್ಣೀರಿನಲ್ಲಿ ಒಂದು ಮುಷ್ಟಿ ಹಾಕಿ ಕಲಕಿ ನೋಡಿ, ಲೋಟ ಮುಟ್ಟಿದರೆ ಐಸ್ ಹಾಕಿದ ಹಾಗೆ ಕೊರೆಯುತ್ತದೆ. ಅದಕ್ಕೇ ಬಿಸಿನೀರು, ಎರಡು ಸಲ ಬದಲಾಯಿಸಿ. ಮೊನ್ನೆಯ ಗಾಡಿಯ ಚಕ್ರ ಎರಡನೇ ಬಕೆಟ್ಟಿಗೆ ಕೈಯಲ್ಲೇ ತಿರುಗಿತು.

ತಿರುಗಿತು ಅಂತ ಅಲ್ಲಿಗೇ ಬಿಡಬೇಡಿ. ಪೆಟ್ಟಿಗೆ ಬಿಚ್ಚಿ ಹಳೆ ಗ್ರೀಸ್ ಪೂರ್ತಿ ತೆಗೆದು, ಬಿಸಿಲಿನಲ್ಲಿ ಒಂದು ದಿನ ಒಣಗಿಸಿ, ಹೊಸ ಗ್ರೀಸ್ ತುಂಬಿ. ಚಕ್ರದ ಪಿನ್ ನಿಜವಾಗಿಯೂ ತುಕ್ಕು ಹಿಡಿದಿರುತ್ತದೆ, ಅದನ್ನು ಹೊಡೆದು ತೆಗೆದು ಸ್ಟೀಲಿನದು ಹಾಕಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಪೆಟ್ಟಿಗೆಯ ಹೊರಗೆ, ಅದರಲ್ಲೂ ಗೇಟಿನ ತಗಡಿಗೆ, ಗ್ರೀಸ್ ಹಚ್ಚಬೇಡಿ. ಗೊಬ್ಬರದ ಪುಡಿ ಅಂಟಿ ಮತ್ತೆ ಲೇಹ್ಯ ಆಗುತ್ತದೆ. ಅದು ಒಣಗಿರಬೇಕು.

ಮುಂದಿನ ಸಲ ಬಳಸಿದ ದಿನವೇ ಪೈಪು ಹಿಡಿದು ತೊಳೆಯಿರಿ. ಗೇಟ್ ತೆರೆದಿಟ್ಟು, ತಲೆಕೆಳಗಾಗಿ ಬಿಸಿಲಿಗಿಡಿ. ಒಣಗಿದ ಮೇಲೆ ಕೊಟ್ಟಿಗೆಯಲ್ಲಿ ಬೇಡ, ಅಟ್ಟದಲ್ಲಿ ತೂಗು ಹಾಕಿ. ಒಲೆ ಉರಿಯುವ ಮನೆಯಾದರೆ ಅಡುಗೆಮನೆಯ ಮೇಲಿನ ಅಟ್ಟಕ್ಕಿಂತ ಒಣ ಜಾಗ ಮಲೆನಾಡಿನಲ್ಲಿ ಇನ್ನೊಂದಿಲ್ಲ. ಬಾಯಿ ಬಿಚ್ಚಿದ ಗೊಬ್ಬರದ ಚೀಲಕ್ಕೂ ಇದೇ ಮಾತು ಅನ್ವಯಿಸುತ್ತಿತ್ತು, ಆದರೆ ಅಡುಗೆಮನೆ ಮೇಲೆ ಗೊಬ್ಬರ ಇಟ್ಟರೆ ಮನೆಯಲ್ಲಿ ಏನಂತಾರೋ ನಾನರಿಯೆ. ಚೀಲವನ್ನು ಮುಚ್ಚಳ ಬಿಗಿ ಇರುವ ಡ್ರಮ್ಮಿಗೆ ಹಾಕಿಡಿ.

ಪ್ರಶ್ನೆ: ವಿನೋಬನಗರದಲ್ಲಿ ನಮ್ಮ ಮನೆ. ಮುಂದೆ 600 ಚದರ ಅಡಿ ಬರ್ಮುಡಾ ಹುಲ್ಲು ಹಾಕಿಸಿದ್ದೇವೆ. ಯಾವ ಸ್ಪ್ರೆಡರ್ ಒಳ್ಳೆಯದು? 19:19:19 ಹಾಕಿದರೆ ಆಗುತ್ತದಾ?
(ಓದುಗರು, ಶಿವಮೊಗ್ಗ)

ಉತ್ತರ: ಯಾವುದೂ ಬೇಡ. 600 ಚದರ ಅಡಿ ಅಂದರೆ ಗುಂಟೆಯ ಅರ್ಧಕ್ಕಿಂತ ಚೂರು ಜಾಸ್ತಿ. ತಳ್ಳುವ ಗಾಡಿ ತಿರುಗಿಸುವಷ್ಟರಲ್ಲಿ ಕಾಂಪೌಂಡ್ ಬರುತ್ತದೆ, ಅರ್ಧ ಗೊಬ್ಬರ ರಸ್ತೆಗೆ ಹೋಗುತ್ತದೆ. 17:17:17 ಒಂದೂವರೆ ಕಿಲೋ ತೂಗಿ, ಅಷ್ಟೇ ಒಣ ಮರಳು ಬೆರೆಸಿ. ನಾಲ್ಕು ಪಾಲು ಮಾಡಿ, ಜಾಗವನ್ನೂ ದಾರ ಕಟ್ಟಿ ನಾಲ್ಕು ಪಾಲು ಮಾಡಿ. ಒಂದೊಂದು ಪಾಲನ್ನು ಎರಡು ಸಲಕ್ಕೆ ಎರಚಿ. ಮರಳು ಬೆರೆಸಿದರೆ ಮುಷ್ಟಿ ತಪ್ಪಿದರೂ ತಪ್ಪು ಅರ್ಧ.

19:19:19 ನೀರಿನಲ್ಲಿ ಕರಗಿಸಿ ಕೊಡುವ ಗೊಬ್ಬರ, ಡ್ರಿಪ್ಪಿಗೆ, ಸಿಂಪಡಣೆಗೆ. ಅದರ ಪುಡಿಯನ್ನು ಎರಚುವುದು ದುಡ್ಡು ಎರಚಿದ ಹಾಗೆ.

ಅಂದ ಹಾಗೆ, ನೀವು ಚದರ ಅಡಿಗೆ ಇಷ್ಟು ಅಂತ ಕೊಟ್ಟು ಹಾಕಿಸಿದ ಬರ್ಮುಡಾ ಹುಲ್ಲು ಗಣಪತಿಗೆ ಏರಿಸುವ ಗರಿಕೆಯ ಜಾತಿಯದೇ. ನಮ್ಮ ಶೆಡ್ಡಿನ ಹಿಂದೆ ಅದನ್ನು ತೆಗೆದು ತೆಗೆದು ನನ್ನ ಕೈ ಸೋತಿದೆ.

ಪ್ರಶ್ನೆ: ನಮ್ಮ ಮಣ್ಣು ಹುಳಿ, ಸುಣ್ಣ ಹಾಕಿ ಅಂದಿದ್ದಾರೆ. ರಾಸಾಯನಿಕ ನಮಗೆ ಇಷ್ಟವಿಲ್ಲ, ಎರೆಗೊಬ್ಬರ ಮನೆಯಲ್ಲೇ ಇದೆ. ಸುಣ್ಣ, ಎರೆಗೊಬ್ಬರ ಎರಡನ್ನೂ ತಳ್ಳುವ ಸ್ಪ್ರೆಡರಿನಲ್ಲಿ ಹಾಕಬಹುದಾ?
(ಓದುಗರು, ಸೊರಬ)

ಉತ್ತರ: ಹುಳಿ ಇರುವುದರಲ್ಲಿ ಆಶ್ಚರ್ಯವಿಲ್ಲ. ಇಷ್ಟು ಮಳೆ ಬೀಳುವ ಕಡೆ ಮಣ್ಣಿನ ಸುಣ್ಣದಂಶವನ್ನೆಲ್ಲ ನೀರೇ ತೊಳೆದುಕೊಂಡು ಹೋಗುತ್ತದೆ. ಆದರೆ ಈ ಗಾಡಿ ಕಾಳಿಗೆ ಮಾಡಿದ್ದು. ಕಾಳಿಗೆ ತೂಕ ಇದೆ, ತಟ್ಟೆ ಬೀಸಿದರೆ ಹಾರಿ ಬೀಳುತ್ತದೆ. ಸುಣ್ಣದ ಪುಡಿ ಹಾಗಲ್ಲ. ಗಾಳಿ ಎಲ್ಲಿಗೆ ಕರೆದರೆ ಅಲ್ಲಿಗೆ ಹೋಗುತ್ತದೆ, ಜಾಸ್ತಿ ಭಾಗ ನಿಮ್ಮ ಕಣ್ಣಿಗೇ. ಪುಡಿಗೆ ಬೇರೆ ನಮೂನೆಯ ಗಾಡಿ ಇದೆ, ಬೀಸುವ ತಟ್ಟೆ ಇಲ್ಲದ್ದು, ನೇರವಾಗಿ ಕೆಳಗೆ ಉದುರಿಸುತ್ತದೆ. ಚಕ್ರದಿಂದ ಚಕ್ರದ ಅಗಲಕ್ಕೆ ಮಾತ್ರ ಬೀಳುತ್ತದೆ, ಸಾಲು ತಪ್ಪಿದರೆ ಗೆರೆ ಎದ್ದು ಕಾಣುತ್ತದೆ. ಸಣ್ಣ ಜಾಗಕ್ಕಾದರೆ ಅದನ್ನೂ ಕೊಳ್ಳಬೇಡಿ. ಗಾಳಿ ಇಲ್ಲದ ಬೆಳಿಗ್ಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಜರಡಿಯಲ್ಲಿ ನೆಲಕ್ಕೆ ಹತ್ತಿರ ಹಿಡಿದು ಅಲುಗಾಡಿಸುತ್ತಾ ಹೋಗಿ. ಎಷ್ಟು ಹಾಕಬೇಕು ಅನ್ನುವುದು ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಇರುತ್ತದೆ, ಅದನ್ನು ನೋಡದೆ ಹಾಕಬೇಡಿ. ಸುಣ್ಣ ಹಾಕಿದ ದಿನವೇ ಯೂರಿಯಾ ಹಾಕಬೇಡಿ ಅನ್ನುವ ಮಾತು ನಿಮಗೆ ಬೇಕಾಗಿಲ್ಲ, ಬೇರೆಯವರು ಓದುತ್ತಾರೆ ಅಂತ ಬರೆದೆ. ಹಾಕಿದರೆ ಸಾರಜನಕ ಗಾಳಿಗೆ ಹೋಗುತ್ತದೆ.

ಎರೆಗೊಬ್ಬರ ಹಸಿ ಇದ್ದರೆ ಹಾಪರಿನ ಗೋಡೆಗೆ ಅಂಟಿ ತೂತಿನ ಮೇಲೆ ಕಮಾನು ಕಟ್ಟಿ ನಿಲ್ಲುತ್ತದೆ. ಕೋಲಿನಲ್ಲಿ ತಿವಿದರೆ ಒಮ್ಮೆಗೇ ದೊಪ್ಪನೆ ಬೀಳುತ್ತದೆ. ನಾನು ನಮ್ಮ ಮನೆಯಲ್ಲಿ ಮಾಡುವುದು ಹೀಗೆ. ನೆರಳಲ್ಲಿ ಎರಡು ದಿನ ಆರಿಸಿ, ಮರಳು ಜರಡಿಯಲ್ಲಿ ಹಿಡಿದು, ಬುಟ್ಟಿಯಿಂದ ಬೀಸಿ ಎರಚುತ್ತೇನೆ. ಆಮೇಲೆ ನಮ್ಮನೆಯವಳು ತೆಂಗಿನ ಕಡ್ಡಿಪೊರಕೆ ಹಿಡಿದು ಹುಲ್ಲಿನ ಮೇಲೆ ಒಂದು ಕೈ ಆಡಿಸುತ್ತಾಳೆ. ಗೊಬ್ಬರ ಎಸಳಿನಿಂದ ಕೆಳಗೆ, ಬೇರಿನ ಹತ್ತಿರ ಇಳಿಯುತ್ತದೆ. ಜಾಸ್ತಿ ಬಿದ್ದಲ್ಲಿಂದ ಕಡಿಮೆ ಬಿದ್ದಲ್ಲಿಗೆ ತಳ್ಳುವುದೂ ಅದೇ ಪೊರಕೆ.